ಟ್ರೌಟ್ ಕಿಡ್ನಿ ರೋಗ: ಬೆಳಗಿನ ಥರ್ಮಾಮೀಟರ್ ಹೇಳದ ಲೆಕ್ಕ

ಪ್ರಶ್ನೆ: ನಾವಿರುವುದು ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ, ಸುಮಾರು 500 ಮೀಟರ್ ಎತ್ತರದ ಒಂದು ಹಳ್ಳಿಯಲ್ಲಿ. ಹೆಂಡತಿಯ ಮನೆಯವರದ್ದು ಚಿಕ್ಕ ರೇನ್‌ಬೋ ಟ್ರೌಟ್ ಸಾಕಣೆ. ಐದು ಹೊಂಡಗಳಿವೆ. ಹಳ್ಳದಿಂದ ತೆರೆದ ಕಾಲುವೆಯಲ್ಲಿ ಸೆಕೆಂಡಿಗೆ ಸುಮಾರು 20 ಲೀಟರ್ ನೀರು ಬರುತ್ತದೆ. ಜಾಗದಲ್ಲೇ ಒಂದು ಒರತೆಯೂ ಇದೆ: ಸೆಕೆಂಡಿಗೆ 6 ಲೀಟರ್, ವರ್ಷವಿಡೀ 10 ಡಿಗ್ರಿ. ಅದನ್ನು ಮೀನು ಶುಚಿ ಮಾಡುವ ಶೆಡ್ಡಿಗೆ ಬಳಸುತ್ತೇವೆ. ಈ ವರ್ಷದಿಂದ ಮಾವನ ಬದಲು ನಾನೇ ನೋಡಿಕೊಳ್ಳುತ್ತಿದ್ದೇನೆ. ಮಾವ ಯಾವಾಗಲೂ ಸೆಪ್ಟೆಂಬರ್ ಕೊನೆಯಲ್ಲಿ ಮರಿ ತರುತ್ತಿದ್ದರು. ಸಣ್ಣ ಮರಿ ಅಗ್ಗ ಎಂದು ನಾನು ಮೇ ತಿಂಗಳಲ್ಲೇ 10 ಗ್ರಾಂ ತೂಕದ 4,000 ಮರಿ ತಂದೆ. ಜುಲೈ ಕೊನೆಗೆ ಮರಿಗಳು ಕಪ್ಪಾದವು, ಹೊಟ್ಟೆ ಉಬ್ಬಿತು, ನೀರು ಒಳಬರುವ ಕಡೆ ಗುಂಪುಗೂಡಿದವು. ಆಗಸ್ಟ್ ಮುಗಿಯುವ ಹೊತ್ತಿಗೆ ಸುಮಾರು 1,500 ಸತ್ತಿದ್ದವು. ಪಕ್ಕದ ಹೊಂಡದ ಹಳೆಯ ಮೀನುಗಳಿಗೆ ಏನೂ ಆಗಲಿಲ್ಲ. ಲ್ಯಾಬ್ ವರದಿಯಲ್ಲಿ ಪಿಕೆಡಿ ಎಂದಿದೆ. ನೀರು ಬಿಸಿಯಾದರೆ ಈ ರೋಗ ಬರುತ್ತದೆ ಎನ್ನುತ್ತಾರೆ, ಆದರೆ ದಿನಾ ಬೆಳಿಗ್ಗೆ 7ಕ್ಕೆ ನೋಡಿದಾಗ ನೀರು 14 ಡಿಗ್ರಿ ದಾಟಿದ್ದೇ ಇಲ್ಲ. ಮಾವ ಮೇವಿನ ಮೇಲೆ ಅನುಮಾನ ಪಡುತ್ತಾರೆ. ಭದ್ರಾವತಿಯಲ್ಲಿ ಕಾಟ್ಲಾ, ರೋಹು ಸಾಕುವ ಅಣ್ಣ ‘ಹೊಂಡ ಒಣಗಿಸಿ ಸುಣ್ಣ ಹಾಕು’ ಅನ್ನುತ್ತಾನೆ. ಇಲ್ಲಿನ ಪರಿಚಯದವರೊಬ್ಬರು ಮ್ಯಾಲಕೈಟ್ ಗ್ರೀನ್ ಎಂಬ ಬಣ್ಣದ ರಾಸಾಯನಿಕ ಹಾಕಿದರೆ ನಿಲ್ಲುತ್ತದೆ ಎಂದರು. ಕಾಲುವೆಯ ಜಾಲರಿಗೆ ಕಂದು ಪಾಚಿಯಂಥದ್ದು ಅಂಟಿಕೊಂಡಿದೆ, ರೋಗ ಅದರಿಂದಲೇ ಎಂದೂ ಕೇಳಿದೆ. ಉಳಿದ ಮೀನು ಏನು ಮಾಡಲಿ? ತಿನ್ನಬಹುದೇ? ಬರುವ ವರ್ಷ ಹೀಗಾಗದಿರಲು ದಾರಿ ಏನು?

ಉತ್ತರ: ನಿಮಗೆ ಬೇಕಾದ ಉತ್ತರದ ಬಹುಪಾಲು ನಿಮ್ಮ ಪ್ರಶ್ನೆಯಲ್ಲೇ ಇದೆ, ನೀವು ಹಾಗೆ ಹೇಳಿಬಿಟ್ಟು ಮುಂದೆ ಹೋದ ಮೂರು ಮಾತುಗಳಲ್ಲಿ. ಮಾವ ಸೆಪ್ಟೆಂಬರ್ ಕೊನೆಯಲ್ಲಿ ಮರಿ ತರುತ್ತಿದ್ದರು, ನೀವು ಮೇ ತಿಂಗಳಲ್ಲಿ ತಂದಿರಿ. ಹಳೆಯ ಮೀನುಗಳಿಗೆ ಏನೂ ಆಗಲಿಲ್ಲ. ಬೆಳಿಗ್ಗೆ 7ಕ್ಕೆ ನೀರು 14 ಡಿಗ್ರಿ. ಈ ರೋಗಾಣು ನಿಮ್ಮ ಹಳ್ಳದಲ್ಲಿ ಈ ವರ್ಷ ಹೊಸದಾಗಿ ಹುಟ್ಟಿದ್ದಲ್ಲ. ಬಹುಕಾಲದಿಂದ ಅಲ್ಲೇ ಇದ್ದಿರಬೇಕು. ಬದಲಾದದ್ದು ಮರಿ ನೀರಿಗೆ ಇಳಿದ ತಾರೀಖು.

ಮೊದಲು ರೋಗದ ಪರಿಚಯ. ಪಿಕೆಡಿ ಅಂದರೆ ಪ್ರೊಲಿಫರೇಟಿವ್ ಕಿಡ್ನಿ ಡಿಸೀಸ್, ಮೂತ್ರಪಿಂಡ ಊದಿಕೊಂಡು ಬೆಳೆಯುವ ರೋಗ. ಜರ್ಮನಿಗೆ ಇದು ಹಳೆಯ ಪರಿಚಯ. ಮ್ಯೂನಿಕ್‌ನಲ್ಲಿ ಮೀನು ರೋಗಗಳ ಅಧ್ಯಯನಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬರಾದ ಮರಿಯಾನ್ನೆ ಪ್ಲೇನ್ 1924ರಲ್ಲೇ ಇದನ್ನು ವಿವರಿಸಿದ್ದರು, ಅಮೀಬಾದಿಂದ ಬರುವ ರೋಗ ಎಂದುಕೊಂಡು. ನಿಜವಾದ ಆರೋಪಿ ಟೆಟ್ರಕ್ಯಾಪ್ಸುಲಾಯ್ಡೀಸ್ ಬ್ರಯೋಸಾಲ್ಮೊನೇ ಎಂಬ ಸೂಕ್ಷ್ಮ ಪರಾವಲಂಬಿ. ಕಣ್ಣಿಗೆ ಕಾಣದಷ್ಟು ಚಿಕ್ಕದಾದರೂ ವಂಶದಲ್ಲಿ ಇದು ಅಂಬಲಿ ಮೀನು, ಹವಳಗಳ ದೂರದ ನೆಂಟ. ಅದು ಇನ್ನರ್ಧ ಬಾಳನ್ನು ಎಲ್ಲಿ ಕಳೆಯುತ್ತದೆ ಎಂಬುದು ಖಚಿತವಾದದ್ದು 1999ರ ಹೊತ್ತಿಗೆ: ಬ್ರಯೋಜೋವಾ ಎಂಬ ಸಿಹಿನೀರಿನ ಪ್ರಾಣಿಯೊಳಗೆ.

ನಿಮ್ಮ ಜಾಲರಿಗೆ ಅಂಟಿರುವ ಕಂದು ಪಾಚಿಯಂಥದ್ದು ಬಹುಶಃ ಇದೇ. ನೋಡಲು ಪಾಚಿ, ಆದರೆ ಪ್ರಾಣಿ. ಒಂದು ಎಳೆಯನ್ನು ಕಿತ್ತು ಹಳ್ಳದ್ದೇ ನೀರು ತುಂಬಿದ ಗಾಜಿನ ಬಟ್ಟಲಲ್ಲಿ ಹಾಕಿ ಹತ್ತು ನಿಮಿಷ ಅಲುಗಾಡಿಸದೆ ಬಿಡಿ. ಆಮೇಲೆ ಭೂತಗನ್ನಡಿಯಲ್ಲಿ ನೋಡಿದರೆ ಜಿಂಕೆ ಕೊಂಬಿನಂತೆ ಕವಲೊಡೆದ ಕಂದು ಕೊಳವೆಗಳ ತುದಿಯಲ್ಲಿ ಬಿಳಿಯ ಸಣ್ಣ ಕುಂಚಗಳು ಅರಳಿರುತ್ತವೆ. ಬಟ್ಟಲನ್ನು ಬೆರಳಿಂದ ತಟ್ಟಿದರೆ ಸರಕ್ಕನೆ ಒಳಸೇರುತ್ತವೆ. ಪಾಚಿ ಹಾಗೆ ಮಾಡುವುದಿಲ್ಲ. ಈ ರೋಗದ ಮಟ್ಟಿಗೆ ಮುಖ್ಯವಾದ ಜಾತಿಯ ಹೆಸರು ಫ್ರೆಡರಿಸೆಲ್ಲಾ ಸುಲ್ತಾನಾ. ಹೆಸರು ರಾಣಿಯದ್ದು, ವಾಸ ಕಲ್ಲಿನ ಅಡಿ, ನೀರಿಗಿಳಿದ ಮರದ ಬೇರು, ಪೈಪಿನ ಒಳಮೈ.

ಬ್ರಯೋಜೋವಾದೊಳಗೆ ಬೆಳೆದ ಪರಾವಲಂಬಿ ವಸಂತದಿಂದ ಬೇಸಿಗೆಯವರೆಗೆ ನೀರಿಗೆ ಬೀಜಕಗಳನ್ನು ಬಿಡುತ್ತದೆ. ಒಂದೊಂದೂ ಸುಮಾರು 20 ಮೈಕ್ರಾನ್, ಅಂದರೆ ಮಿಲಿಮೀಟರಿನ ಐವತ್ತನೇ ಒಂದು ಭಾಗ. ನೀರಿನಲ್ಲಿ ಅವುಗಳ ಆಯುಷ್ಯ ಹೆಚ್ಚೆಂದರೆ ಒಂದು ದಿನ. ಅಷ್ಟರೊಳಗೆ ಟ್ರೌಟ್ ಸಿಕ್ಕರೆ ಕಿವಿರು ಅಥವಾ ಚರ್ಮದ ಮೂಲಕ ಒಳಹೊಕ್ಕು, ರಕ್ತದ ಜೊತೆ ಹರಿದು ಮೂತ್ರಪಿಂಡ ಸೇರುತ್ತವೆ. ಸೋಂಕು ತಗುಲಿಸಲು ಬೆರಳೆಣಿಕೆಯ ಬೀಜಕ ಸಾಕು, ಹಾಗಾಗಿ ‘ಸ್ವಲ್ಪ ಕಡಿಮೆ ಮಾಡಿದರೆ ಆಯಿತು’ ಎಂಬ ಲೆಕ್ಕ ಇಲ್ಲಿ ನಡೆಯದು. ಇಲ್ಲಿನ ಹಳ್ಳಗಳ ಸ್ಥಳೀಯ ಮೀನಾದ ಬ್ರೌನ್ ಟ್ರೌಟ್‌ನಲ್ಲಾದರೆ ಅಲ್ಲಿಂದ ಹೊಸ ಬೀಜಕಗಳು ಮೂತ್ರದ ಜೊತೆ ಹೊರಬಿದ್ದು ಮತ್ತೆ ಬ್ರಯೋಜೋವಾ ಸೇರುತ್ತವೆ. ಒಮ್ಮೆ ಸೋಂಕಾದ ಬ್ರೌನ್ ಟ್ರೌಟ್ ವರ್ಷಗಟ್ಟಲೆ ಹೀಗೆ ಹರಡುತ್ತಿರಬಲ್ಲದು. ಯುರೋಪಿನಲ್ಲಿ ರೇನ್‌ಬೋ ಟ್ರೌಟ್ ಮಾತ್ರ ಈ ದಾರಿಯ ಕೊನೆ. ರೋಗ ಬರುತ್ತದೆ, ಸಾಯುತ್ತದೆ, ಆದರೆ ಚಕ್ರವನ್ನು ಮುಂದೆ ತಿರುಗಿಸುವುದಿಲ್ಲ. ಅಂದರೆ ನಿಮ್ಮ ಮೀನು ಹಳ್ಳವನ್ನು ಕೆಡಿಸಿಲ್ಲ, ಹಳ್ಳದಿಂದಲೇ ನಿಮ್ಮ ಮೀನಿಗೆ ಬಂದದ್ದು.

ಮೀನಿನ ಮೂತ್ರಪಿಂಡ ನಮ್ಮದರಂತೆ ಎರಡು ಹುರುಳಿಕಾಳಲ್ಲ. ಬೆನ್ನುಮೂಳೆಯ ಕೆಳಗೆ ತಲೆಯಿಂದ ಬಾಲದ ಕಡೆಗೆ ಅಂಟಿಕೊಂಡ ಕಡುಗೆಂಪು ಪಟ್ಟಿ. ಮೀನು ಶುಚಿ ಮಾಡುವಾಗ ಹೆಬ್ಬೆರಳಿನ ಉಗುರಿನಲ್ಲಿ ಕೆರೆದು ತೆಗೆಯುತ್ತೀರಲ್ಲ, ಅದೇ. ರಕ್ತಕಣಗಳು ತಯಾರಾಗುವುದೂ ಅಲ್ಲೇ, ರೋಗನಿರೋಧಕ ಕಣಗಳ ಮುಖ್ಯ ಠಾಣೆಯೂ ಅದೇ. ಪರಾವಲಂಬಿ ಅಲ್ಲಿ ಹೆಚ್ಚಿದಾಗ ಮೀನಿನ ದೇಹ ಅಳತೆ ಮೀರಿ ಪ್ರತಿಕ್ರಿಯಿಸುತ್ತದೆ. ಉರಿಯೂತದ ಕಣಗಳು ಜಮಾಯಿಸಿ ಪಟ್ಟಿ ಬೂದುಬಣ್ಣಕ್ಕೆ ತಿರುಗಿ, ಗಂಟುಗಂಟಾಗಿ ಉಬ್ಬುತ್ತದೆ. ರಕ್ತ ತಯಾರಿಕೆ ಕುಂಠಿತವಾಗಿ ಕಿವಿರು ಬಿಳಿಚಿಕೊಳ್ಳುತ್ತದೆ. ಸಿಹಿನೀರಿನ ಮೀನಿನ ಮೈಗೆ ಹೊರಗಿನ ನೀರು ಸದಾ ಇಳಿಯುತ್ತಲೇ ಇರುತ್ತದೆ, ಅದನ್ನು ಹೊರಹಾಕುವ ಕೆಲಸ ಮೂತ್ರಪಿಂಡದ್ದು. ಆ ಕೆಲಸ ನಿಂತರೆ ಹೊಟ್ಟೆ ಉಬ್ಬುತ್ತದೆ, ಕಣ್ಣು ಹೊರಚಾಚುತ್ತವೆ. ನೀರು ಒಳಬರುವ ಕಡೆ ಗುಂಪುಗೂಡಿದ್ದು ರಕ್ತ ಕಡಿಮೆಯಾದ ಮೀನು ಆಮ್ಲಜನಕ ಹುಡುಕಿ ಬಂದದ್ದು.

ಇನ್ನು ಉಷ್ಣತೆ. ‘ಬಿಸಿನೀರಿನಿಂದ ರೋಗ ಬರುತ್ತದೆ’ ಎಂಬ ಮಾತು ಅರ್ಧ ಸರಿ. ಸೋಂಕು ತಣ್ಣೀರಿನಲ್ಲೂ ತಗಲುತ್ತದೆ. 12 ಡಿಗ್ರಿಯಲ್ಲಿಟ್ಟ ಮೀನಿಗೂ ಪರಾವಲಂಬಿ ಹೊಕ್ಕುತ್ತದೆ, ಮೂತ್ರಪಿಂಡದಲ್ಲಿ ಸಿಗುತ್ತದೆ, ಆದರೆ ಮೀನು ಬಹುತೇಕ ಸಾಯುವುದಿಲ್ಲ. ಅದೇ ಸೋಂಕು ಹೊತ್ತ ಮೀನು 18 ಡಿಗ್ರಿಯಲ್ಲಿ ಸಾಲಾಗಿ ಸಾಯುತ್ತದೆ. ಗೆರೆ ಎಲ್ಲಿದೆ ಎಂದು ಕೇಳಿದರೆ, ದಿನದ ಸರಾಸರಿ 15 ಡಿಗ್ರಿಗಿಂತ ಮೇಲೆ ಎರಡರಿಂದ ನಾಲ್ಕು ವಾರ ನಿಂತರೆ ರೋಗ ಎದ್ದು ಕಾಣುತ್ತದೆ ಎಂಬುದು ಸಾಕಣೆಯವರು ಇಟ್ಟುಕೊಳ್ಳಬಹುದಾದ ಲೆಕ್ಕ. ಒಂದೆರಡು ದಿನ 17 ಮುಟ್ಟಿ ಇಳಿದರೆ ಗಾಬರಿಯಾಗಬೇಕಿಲ್ಲ. ಕೊಲ್ಲುವುದು ವಾರಗಟ್ಟಲೆ ಇಳಿಯದೆ ನಿಲ್ಲುವ ಬಿಸಿ.

ಬಿಸಿ ಹಲವು ಕಡೆಯಿಂದ ಒಟ್ಟಿಗೆ ಹೊಡೆಯುತ್ತದೆ. ಬ್ರಯೋಜೋವಾ ಚೆನ್ನಾಗಿ ಬೆಳೆದು, ಅದರೊಳಗೆ ಸುಮ್ಮನೆ ಕುಳಿತಿದ್ದ ಪರಾವಲಂಬಿ ಬೀಜಕದ ಚೀಲ ಕಟ್ಟಲು ಶುರುಮಾಡುತ್ತದೆ. ಮೀನಿನೊಳಗೆ ಅದು ಬೇಗ ಹೆಚ್ಚುತ್ತದೆ, ಉರಿಯೂತವೂ ಹೆಚ್ಚುತ್ತದೆ. ಇದೆಲ್ಲದರ ಮೇಲೆ ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ, ಮೀನಿಗೆ ಬೇಕಾಗುವುದು ಮಾತ್ರ ಜಾಸ್ತಿ. ಆರೋಗ್ಯವಂತ ಟ್ರೌಟ್ 19 ಡಿಗ್ರಿಯನ್ನು ಹೇಗೋ ತಾಳಿಕೊಂಡೀತು. ರಕ್ತವೇ ಇಲ್ಲದ ಟ್ರೌಟ್ ತಾಳದು.

ಈಗ ನಿಮ್ಮ 14 ಡಿಗ್ರಿಗೆ ಬರೋಣ. ಬೆಳಿಗ್ಗೆ 7ಕ್ಕೆ ಹಳ್ಳದ ನೀರು ಹೆಚ್ಚುಕಡಿಮೆ ದಿನದ ಅತಿ ತಣ್ಣಗಿನ ಸ್ಥಿತಿಯಲ್ಲಿರುತ್ತದೆ. ತೆರೆದ ಕಾಲುವೆಯಲ್ಲಿ ಬಿಸಿಲು ಕುಡಿದ ನೀರು ಅತಿ ಬಿಸಿಯಾಗುವುದು ಸಂಜೆ 4ರಿಂದ 6ರ ನಡುವೆ. ಬೆಳಿಗ್ಗೆ 14, ಸಂಜೆ 19 ಇದ್ದರೆ ಸರಾಸರಿ 16ರ ಮೇಲೆ. ನಿಮ್ಮ ಪುಸ್ತಕದಲ್ಲಿ ಮಾತ್ರ ಇಡೀ ಬೇಸಿಗೆ ‘14’ ಎಂದೇ ಬರೆದಿರುತ್ತದೆ. ನೀರಿನಲ್ಲಿ ಮುಳುಗಿಸಿಡುವ, ತಾನೇ ದಾಖಲಿಸಿಕೊಳ್ಳುವ ಥರ್ಮಾಮೀಟರ್ ಎರಡು ತನ್ನಿ. ಒಂದು ಕಾಲುವೆ ಶುರುವಾಗುವಲ್ಲಿ, ಇನ್ನೊಂದು ಕೊನೆಯ ಹೊಂಡದ ಹೊರಹರಿವಿನಲ್ಲಿ, ಎರಡೂ ನೆರಳಿನಲ್ಲಿ. ಗಂಟೆಗೊಂದು ಅಳತೆ ಸಾಕು. ಎರಡರ ನಡುವಿನ ವ್ಯತ್ಯಾಸ ನೋಡಿದರೆ ಬಿಸಿ ಹಳ್ಳದಿಂದಲೇ ಬರುತ್ತಿದೆಯೋ ನಿಮ್ಮ ಜಾಗದಲ್ಲಿ ಸೇರುತ್ತಿದೆಯೋ ತಿಳಿಯುತ್ತದೆ. ಎರಡಕ್ಕೂ ಮದ್ದು ಬೇರೆಬೇರೆ.

ಇದು ಸಾಕಣೆಯವರೊಬ್ಬರ ತಲೆನೋವೂ ಅಲ್ಲ. 2016ರ ಆಗಸ್ಟ್‌ನಲ್ಲಿ ಅಮೆರಿಕದ ಮೊಂಟಾನಾದಲ್ಲಿ ಯೆಲ್ಲೊಸ್ಟೋನ್ ನದಿಯ 183 ಮೈಲಿ ಉದ್ದಕ್ಕೆ ಜನ ನೀರಿಗಿಳಿಯುವುದನ್ನೇ ನಿಷೇಧಿಸಬೇಕಾಯಿತು. ಹರಿವು ಕಡಿಮೆ, ನೀರು ಬಿಸಿ, ಸಾವಿರಾರು ವೈಟ್‌ಫಿಶ್ ತೇಲಿದ್ದವು. ಕಾರಣ ಇದೇ ಪರಾವಲಂಬಿ. ನಿಮ್ಮ ನೆರೆಯ ಸ್ವಿಟ್ಜರ್ಲೆಂಡ್‌ನಲ್ಲಿ ಬ್ರೌನ್ ಟ್ರೌಟ್ ಏಕೆ ಕಡಿಮೆಯಾಗುತ್ತಿದೆ ಎಂದು ಹುಡುಕಿದ ‘ಫಿಶ್‌ನೆಟ್ಜ್’ ಯೋಜನೆಯೂ ತನ್ನ ಕಾರಣಗಳ ಪಟ್ಟಿಯಲ್ಲಿ ಪಿಕೆಡಿಯನ್ನು ಸೇರಿಸಿತು.

ಮಾವ ಸೆಪ್ಟೆಂಬರ್ ಕೊನೆಗೆ ಮರಿ ತರುತ್ತಿದ್ದದ್ದು ತಿಳಿದು ಮಾಡಿದ್ದೋ ರೂಢಿಯೋ ಗೊತ್ತಿಲ್ಲ, ಕೆಲಸವಂತೂ ಸರಿಯಾಗಿತ್ತು. ಆ ಹೊತ್ತಿಗೆ ನೀರಿನಲ್ಲಿ ಬೀಜಕ ಕಡಿಮೆಯಾಗಿರುತ್ತದೆ, ಉಷ್ಣತೆ ಇಳಿಮುಖವಾಗಿರುತ್ತದೆ. ಮರಿಗೆ ಸೋಂಕು ತಗುಲಿದರೂ ರೋಗವಾಗಿ ಏಳಲು ಬಿಸಿ ಸಿಗುವುದಿಲ್ಲ. ಚಳಿಗಾಲದೊಳಗೆ ಮೀನಿನ ದೇಹ ಅದನ್ನು ಗುರುತು ಹಿಡಿದು ನಿಭಾಯಿಸಲು ಕಲಿಯುತ್ತದೆ. ಪಕ್ಕದ ಹೊಂಡದ ಹಳೆಯ ಮೀನುಗಳು ಬದುಕಿದ್ದು ಹೀಗೆ. ನೀವು ಮೇ ತಿಂಗಳಲ್ಲಿ ತಂದ ಮರಿ ಬಹುಶಃ ಒರತೆ ನೀರಿನ ಮರಿಕೇಂದ್ರದಲ್ಲಿ ಬೆಳೆದದ್ದು, ಈ ಪರಾವಲಂಬಿಯ ಮುಖವನ್ನೇ ಕಂಡಿರದ್ದು. ಬೀಜಕ ಅತಿ ಹೆಚ್ಚಿರುವ ವಾರಗಳಲ್ಲಿ ನೀರಿಗಿಳಿಯಿತು. ಸೋಂಕಿನಿಂದ ಲಕ್ಷಣದವರೆಗೆ ಸುಮಾರು ಒಂದೂವರೆ-ಎರಡು ತಿಂಗಳು ಹಿಡಿಯುತ್ತದೆ, ಜುಲೈ ಕೊನೆಗೆ ಸರಿಯಾಗಿ ಲೆಕ್ಕ ಕೂಡುತ್ತದೆ. ಮರಿ ಕೊಟ್ಟವರನ್ನು ದೂರಬೇಡಿ.

ವರದಿಯ ಬಗ್ಗೆ ಒಂದು ಎಚ್ಚರಿಕೆ. ಪಿಸಿಆರ್ ಪಾಸಿಟಿವ್ ಎಂದು ಮಾತ್ರ ಬರೆದಿದ್ದರೆ ಪರಾವಲಂಬಿ ಇದೆ ಎಂದಷ್ಟೇ ಅರ್ಥ. ಆ ಹಳ್ಳದ ಗಟ್ಟಿಮುಟ್ಟಾದ ಮೀನಿನಲ್ಲೂ ಅದು ಸಿಗಬಹುದು. ಸಾವಿಗೆ ಅದೇ ಕಾರಣ ಎನ್ನಲು ಮೂತ್ರಪಿಂಡದ ತೆಳು ಛೇದವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿರಬೇಕು. ವರದಿಯಲ್ಲಿ ಆ ಭಾಗ ಇದೆಯೇ ನೋಡಿ. ಮುಂದೆ ಮಾದರಿ ಕೊಡುವಾಗ ಸತ್ತು ತೇಲಿದ ಮೀನು ಕೊಡಬೇಡಿ, ಬೇಸಿಗೆಯಲ್ಲಿ ಅದರ ಮೂತ್ರಪಿಂಡ ಕೆಲವೇ ಗಂಟೆಗಳಲ್ಲಿ ಕರಗಿ ಕೆಸರಾಗುತ್ತದೆ. ಸಾಯಲು ಹೊರಟ ನಾಲ್ಕೈದು ಮೀನನ್ನು ಜೀವಂತವಾಗಿಯೇ, ಆಮ್ಲಜನಕ ತುಂಬಿದ ಚೀಲದಲ್ಲಿ, ರಾಜ್ಯದ ಮೀನು ಆರೋಗ್ಯ ಸೇವೆಗೆ ತಲುಪಿಸಿ. ಆಗದಿದ್ದರೆ ಆಗಷ್ಟೇ ಕೊಂದ ಮೀನು, ಐಸ್ ಮೇಲೆ. ಫ್ರೀಜರಿಗೆ ಹಾಕಿದರೆ ಛೇದ ಹಾಳು.

ಇದನ್ನೇ ಹೋಲುವ ಬೇರೆ ರೋಗಗಳೂ ಇವೆ. ಬ್ಯಾಕ್ಟೀರಿಯಾದ ಕಿಡ್ನಿ ರೋಗದಲ್ಲಿ ಬಿಳಿ ಗಂಟುಗಳು ಬಿಡಿಬಿಡಿಯಾಗಿ ಕಾಣುತ್ತವೆ. ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಮೂತ್ರಪಿಂಡದಲ್ಲಿ ಸುಣ್ಣ ಕಟ್ಟಿಕೊಂಡು, ಚಾಕು ಆಡಿಸಿದರೆ ಮರಳಿನಂತೆ ಕರಕರ ಅನ್ನುತ್ತದೆ. ವಿಎಚ್‌ಎಸ್ ಎಂಬ ವೈರಸ್ ರೋಗದಲ್ಲೂ ಮೀನು ಕಪ್ಪಾಗಿ, ಕಣ್ಣು ಉಬ್ಬಿ, ಕಿವಿರು ಬಿಳಿಚುತ್ತದೆ. ಆದರೆ ಅದು ತಣ್ಣೀರಿನ ರೋಗ, 15 ಡಿಗ್ರಿ ಮೇಲೆ ಅಪರೂಪ. ಅದು ಕಾನೂನು ಪ್ರಕಾರ ವರದಿ ಮಾಡಲೇಬೇಕಾದ ರೋಗವಾದ್ದರಿಂದ, ವಸಂತದಲ್ಲಿ ಇದೇ ಲಕ್ಷಣ ಕಂಡರೆ ‘ಮತ್ತೆ ಪಿಕೆಡಿ’ ಎಂದು ನೀವೇ ತೀರ್ಮಾನಿಸಿ ಸುಮ್ಮನಿರಬೇಡಿ.

ಕೇಳಿಬಂದ ಸಲಹೆಗಳು ಒಂದೊಂದಾಗಿ. ಮೇವಿಗೂ ಈ ರೋಗಕ್ಕೂ ಸಂಬಂಧವಿಲ್ಲ. ಅದೇ ಮೇವು ತಿಂದ ಹಳೆಯ ಮೀನು ಚೆನ್ನಾಗಿವೆಯಲ್ಲ.

ಅಣ್ಣನ ಸುಣ್ಣ ಅವರ ಹೊಂಡಕ್ಕೆ ಸರಿಯಾದ ಮದ್ದು. ಕಾಟ್ಲಾ, ರೋಹು ಸಾಕುವುದು ನಿಂತ ನೀರಿನಲ್ಲಿ, 28 ಡಿಗ್ರಿ ಅವಕ್ಕೆ ಹಿತ. ಹೊಂಡ ಒಣಗಿಸಿ ಸುಣ್ಣ ಹಾಕಿದರೆ ತಳದ ಮಣ್ಣಿನಲ್ಲಿರುವ ರೋಗಾಣು, ಆಮ್ಲತೆ ಎರಡೂ ಕಡಿಮೆಯಾಗುತ್ತವೆ. ನಿಮ್ಮದು ಹರಿವ ನೀರು. ಹೊಂಡ ಎಷ್ಟೇ ಶುಚಿಯಾದರೂ ಮರುಗಳಿಗೆಯ ನೀರಿನೊಂದಿಗೆ ಹೊಸ ಬೀಜಕ ಬಂದಿರುತ್ತದೆ. ಹೊಂಡದ ಗೋಡೆಗೆ ಅಂಟಿರುವ ಬ್ರಯೋಜೋವಾ ಸಾಯಬಹುದು, ಅಷ್ಟೇ ಲಾಭ. ಸುಣ್ಣದ ನೀರು ಹಳ್ಳಕ್ಕಿಳಿದರೆ ಕೆಳಗಿನ ಮೀನೆಲ್ಲ ಸತ್ತು ನಿಮ್ಮ ಮೇಲೆ ಕೇಸು ಬೀಳುತ್ತದೆ.

ಜಾಲರಿ, ಪೈಪು, ನಿಮ್ಮ ಕಾಲುವೆಯೊಳಗಿನ ಬ್ರಯೋಜೋವಾ ತೆಗೆಯುವುದು ಒಳ್ಳೆಯದೇ. ಆದರೆ ನೀರು ಹರಿಯುತ್ತಿರುವಾಗ ಬ್ರಷ್ ಹಾಕಿ ಉಜ್ಜಬೇಡಿ. ಕಿತ್ತುಹೋದ ತುಣುಕೂ ಮತ್ತೆ ಅಂಟಿ ಬೆಳೆಯಬಲ್ಲದು, ಹೊಂಡಕ್ಕೆ ನೀವೇ ಬಿತ್ತಿದಂತಾಗುತ್ತದೆ. ಚಳಿಗಾಲದ ಕೊನೆಯಲ್ಲಿ ಕಾಲುವೆಯ ನೀರು ತಿರುಗಿಸಿ, ಜಾಲರಿ ಹೊರತೆಗೆದು, ದಡದ ಮೇಲೆ ಕೆರೆದು, ಕೆರೆದದ್ದನ್ನು ಬುಟ್ಟಿಯಲ್ಲಿ ಎತ್ತಿ ದೂರ ಹಾಕಿ. ಬೀಜದಂಥ ಗಟ್ಟಿ ಮೊಗ್ಗುಗಳನ್ನು ಬ್ರಯೋಜೋವಾ ಬಿಟ್ಟಿರುತ್ತದೆ, ಅವು ಪ್ರತಿಕೂಲ ಕಾಲವನ್ನು ದಾಟಿ ಮತ್ತೆ ಚಿಗುರುತ್ತವೆ, ಪರಾವಲಂಬಿಯನ್ನೂ ಹೊತ್ತುಕೊಂಡು. ಹಾಗಾಗಿ ಇದು ಪ್ರತಿ ವರ್ಷದ ಕೆಲಸ. ಹಳ್ಳದ ಮೇಲ್ಭಾಗದ ಬ್ರಯೋಜೋವಾ ಆಗಲಿ ಬ್ರೌನ್ ಟ್ರೌಟ್ ಆಗಲಿ ನಿಮ್ಮ ಕೈಗೆ ಸಿಗುವಂಥದ್ದಲ್ಲ, ಆ ಯೋಚನೆಯೇ ಬೇಡ.

ಮ್ಯಾಲಕೈಟ್ ಗ್ರೀನ್ ಬಗ್ಗೆ ಹೇಳಿದವರು ಹಳೆಯ ಕಾಲದವರಿರಬೇಕು. ಒಂದು ಕಾಲದಲ್ಲಿ ಇದಕ್ಕೆ ಬಳಸುತ್ತಿದ್ದುದು ನಿಜ. ಈಗ ತಿನ್ನುವ ಮೀನಿಗೆ ಯುರೋಪಿನಲ್ಲಿ ನಿಷಿದ್ಧ. ಮೀನಿನ ಕೊಬ್ಬಿನಲ್ಲಿ ಬೇರೆ ರೂಪದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ವಂಶವಾಹಿಗೆ ಹಾನಿ ಮಾಡುವ ಶಂಕೆ ಇದೆ. ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಇಡೀ ದಾಸ್ತಾನು ಹೋಗುತ್ತದೆ. ಒಂದು ಹನಿಯೂ ಬೇಡ. ಫ್ಯುಮಾಜಿಲಿನ್ ಎಂಬ ಔಷಧಿಯನ್ನು ಮೇವಿನಲ್ಲಿ ಬೆರೆಸಿ ಪ್ರಯೋಗಗಳಾಗಿವೆ, ಪರಾವಲಂಬಿ ಕಡಿಮೆಯಾದದ್ದೂ ಹೌದು. ಆದರೆ ಪ್ರಮಾಣ ಹೆಚ್ಚಾದರೆ ಅದೇ ಔಷಧಿ ಮೂತ್ರಪಿಂಡದಲ್ಲಿ ರಕ್ತ ತಯಾರಾಗುವ ಭಾಗವನ್ನು ಹಾಳುಮಾಡುತ್ತದೆ. ಮಾರುವ ಮೀನಿಗೆ ಪರವಾನಗಿ ಇರುವ ಔಷಧಿ ಇಲ್ಲ, ಲಸಿಕೆಯೂ ಇಲ್ಲ. ಫಾರ್ಮಾಲಿನ್‌ನಂಥವು ಮೈಮೇಲಿನ ಜೀವಿಗಳಿಗೆ ಮಾತ್ರ, ಒಳಗೆ ಕುಳಿತದ್ದಕ್ಕೆ ತಲುಪುವುದಿಲ್ಲ.

ಉಪ್ಪಿನ ಸಲಹೆ ನಿಮಗೆ ಇನ್ನೂ ಬಂದಿಲ್ಲದಿದ್ದರೆ ಬರುತ್ತದೆ. ಉಪ್ಪುನೀರು ಮೂತ್ರಪಿಂಡದ ಹೊರೆಯನ್ನು ಸ್ವಲ್ಪ ಇಳಿಸುತ್ತದೆ ಎಂಬುದರಲ್ಲಿ ತರ್ಕವಿದೆ. ಆದರೆ ಸೆಕೆಂಡಿಗೆ 20 ಲೀಟರ್ ಹರಿವಿಗೆ ಲೀಟರಿಗೆ 5 ಗ್ರಾಂ ಹಾಕಬೇಕೆಂದರೆ ಗಂಟೆಗೆ 360 ಕಿಲೋ ಉಪ್ಪು ಬೇಕು.

ಹಾಗಾದರೆ ಏನು ಮಾಡಬಹುದು? ಅಗ್ಗದ, ನಂಬಬಹುದಾದ ದಾರಿ ಮಾವನದ್ದೇ: ಹಳ್ಳದ ನೀರಿಗೆ ಮರಿ ಇಳಿಸುವುದು ಸೆಪ್ಟೆಂಬರ್ ಕೊನೆಗೆ, ದಿನದ ಸರಾಸರಿ 14 ಡಿಗ್ರಿಗಿಂತ ಕೆಳಗೆ ಇಳಿದು ನಿಂತ ಮೇಲೆ. ಮರಿ ದೊಡ್ಡದಾಗಿರುವುದರಿಂದ ಬೆಲೆ ಹೆಚ್ಚು, ಒಪ್ಪಿದೆ. ಹೀಗೆ ಬಂದ ನಿರೋಧಕ ಶಕ್ತಿ ನೂರಕ್ಕೆ ನೂರು ಖಾತರಿಯಲ್ಲ; ಮುಂದಿನ ಬೇಸಿಗೆ ವಿಪರೀತ ಬಿಸಿಯಾದರೆ ಕೆಲವು ಮೀನು ಸೊರಗಬಹುದು. ಆದರೂ 4,000ಕ್ಕೆ 1,500 ಹೋಗುವ ಸ್ಥಿತಿ ಬರುವುದು ಕಷ್ಟ.

ನಿಮ್ಮಲ್ಲಿ ಒರತೆ ಇರುವುದರಿಂದ ಇನ್ನೊಂದು ದಾರಿಯೂ ಇದೆ, ನನ್ನನ್ನು ಕೇಳಿದರೆ ಅದೇ ಉತ್ತಮ. ಮರಿಯನ್ನು ಮೇ ತಿಂಗಳಲ್ಲೇ ತನ್ನಿ, ಆದರೆ ಒಂದು ಹೊಂಡವನ್ನು ಬರೀ ಒರತೆ ನೀರಿಗೆ ಬಿಟ್ಟು ಅದರಲ್ಲೇ ಸೆಪ್ಟೆಂಬರ್‌ವರೆಗೆ ಬೆಳೆಸಿ. ಒರತೆ ನೆಲದಿಂದ ನೇರವಾಗಿ ಮುಚ್ಚಿದ ಪೈಪಿನಲ್ಲಿ ಬಂದರೆ ಅದರಲ್ಲಿ ಮೀನೂ ಇಲ್ಲ, ಬ್ರಯೋಜೋವಾವೂ ಇಲ್ಲ, ಬೀಜಕವೂ ಇಲ್ಲ. ಮಧ್ಯೆ ತೆರೆದ ತೊಟ್ಟಿ ಇದ್ದರೆ ಮೊದಲು ಅದರೊಳಗೆ ಕಂದು ಎಳೆ ಇದೆಯೇ ನೋಡಿ.

ನೀರು ಸಾಲುತ್ತದೆಯೇ? ನಿಮ್ಮ ಎತ್ತರದಲ್ಲಿ 10 ಡಿಗ್ರಿ ನೀರು ಚೆನ್ನಾಗಿ ಗಾಳಿಯಾಡಿದರೆ ಲೀಟರಿಗೆ ಸುಮಾರು 10.5 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ. ಹೊರಹೋಗುವಾಗ 6.5 ಉಳಿಯಲಿ ಎಂದರೆ ಲೀಟರಿಗೆ 4 ಮಿಲಿಗ್ರಾಂ ಮೀನಿಗೆ. 6 ಲೀಟರಿಗೆ ಸೆಕೆಂಡಿಗೆ 24 ಮಿಲಿಗ್ರಾಂ, ಗಂಟೆಗೆ 86 ಗ್ರಾಂ. ತಿನ್ನುತ್ತಿರುವ ಮೀನು ಕಿಲೋಗೆ ಗಂಟೆಗೆ 300 ಮಿಲಿಗ್ರಾಂ ಬಳಸುತ್ತದೆ ಎಂದು ಸ್ವಲ್ಪ ಕೈ ಬಿಗಿಹಿಡಿದೇ ಲೆಕ್ಕ ಹಾಕಿದರೂ ಸುಮಾರು 280 ಕಿಲೋ ಮೀನಿಗೆ ಸಾಕು. 4,000 ಮರಿ ತಲಾ 50 ಗ್ರಾಂ ಆದರೆ 200 ಕಿಲೋ. ಸಾಲುತ್ತದೆ, ಆದರೆ ತುಂಬಿ ತುಳುಕುವಷ್ಟಲ್ಲ. ಆ 6 ಲೀಟರ್ ಯಾವಾಗ ಅಳೆದದ್ದು ಎಂಬುದು ಮುಖ್ಯ. ಮಳೆ ಬಾರದ ಆಗಸ್ಟ್ ಕೊನೆಯಲ್ಲಿ ಮತ್ತೆ ಅಳೆಯಿರಿ: 60 ಲೀಟರಿನ ಡ್ರಮ್ ಹತ್ತು ಸೆಕೆಂಡಿನಲ್ಲಿ ತುಂಬಿದರೆ 6 ಲೀಟರ್, ಹದಿನೈದಾದರೆ ನಾಲ್ಕೇ ಲೀಟರ್, ಮರಿಯನ್ನೂ ಅದಕ್ಕೆ ತಕ್ಕಂತೆ ಇಳಿಸಿ.

ಒರತೆ ನೀರನ್ನು ನೇರವಾಗಿ ಹೊಂಡಕ್ಕೆ ಬಿಡಬೇಡಿ. ನೆಲದೊಳಗಿಂದ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ, ಸಾರಜನಕ ಮತ್ತು ಇಂಗಾಲದ ಡೈಆಕ್ಸೈಡ್ ಹೆಚ್ಚಿರಬಹುದು. ಸಾರಜನಕ ಹೆಚ್ಚಾದರೆ ಮರಿಯ ರಕ್ತದಲ್ಲಿ ಗುಳ್ಳೆ ಏಳುತ್ತದೆ. ಆಳೆತ್ತರದಿಂದ ತೂತಿನ ತಟ್ಟೆಗಳ ಮೇಲೆ ಮೂರ್ನಾಲ್ಕು ಹಂತದಲ್ಲಿ ಬೀಳಿಸಿದರೆ ಕೆಟ್ಟ ಅನಿಲ ಹೋಗಿ ಆಮ್ಲಜನಕ ಸೇರುತ್ತದೆ. 10 ಡಿಗ್ರಿಯಲ್ಲಿ ಮರಿ ನಿಧಾನ ಬೆಳೆಯುತ್ತದೆ, ಅದು ನೀವು ತೆರುವ ಬೆಲೆ.

ಎರಡು ನೀರನ್ನು ಬೆರೆಸಿದರೆ ಹೇಗೆ ಎಂದು ಹಲವರು ಕೇಳುತ್ತಾರೆ. ಸಂಜೆ 19 ಡಿಗ್ರಿಯ ಹಳ್ಳದ ನೀರು 20 ಲೀಟರಿಗೆ 10 ಡಿಗ್ರಿಯ 6 ಲೀಟರ್ ಬೆರೆಸಿದರೆ ಬರುವುದು 17 ಡಿಗ್ರಿ. ಹಳ್ಳದ ನೀರನ್ನು 8 ಲೀಟರಿಗೆ ಇಳಿಸಿದರೆ 15ಕ್ಕೆ ಬರುತ್ತದೆ, ಆದರೆ ಒಟ್ಟು ಹರಿವು 26ರಿಂದ 14 ಲೀಟರಿಗೆ ಕುಸಿದು, ಬಿಸಿನೀರು ಆಮ್ಲಜನಕ ಕಡಿಮೆ ಹಿಡಿಯುವುದನ್ನೂ ಸೇರಿಸಿಕೊಂಡು ಮೇಲಿನ ಲೆಕ್ಕದಲ್ಲೇ 800 ಕಿಲೋ ಮೀನು ಹೊರುವ ಜಾಗದಲ್ಲಿ 500 ಕಿಲೋ ಮಾತ್ರ ಹೊರುತ್ತದೆ. ಬೀಜಕ ಹೇಗೂ ಬರುತ್ತಲೇ ಇರುತ್ತದೆ. ತುರ್ತಿಗೆ ಮಾಡಬಹುದು, ಗಾಳಿಯಂತ್ರ ಇಟ್ಟುಕೊಂಡು. ಯಂತ್ರದಿಂದ ತಣ್ಣಗೆ ಮಾಡುವ ಮಾತೇ ಬೇಡ. 20 ಲೀಟರ್ ಹರಿವನ್ನು 4 ಡಿಗ್ರಿ ಇಳಿಸಲು ಸುಮಾರು 335 ಕಿಲೋವ್ಯಾಟ್ ಶಾಖ ಹೊರತೆಗೆಯಬೇಕು.

ಸೋಸುವುದು? ಹೊಂಡದ ನೀರಿಗೆ ಸಾಮಾನ್ಯವಾಗಿ ಹಾಕುವ ಡ್ರಮ್ ಸೋಸುಕದ ಜಾಲರಿ 60ರಿಂದ 100 ಮೈಕ್ರಾನ್, 20 ಮೈಕ್ರಾನಿನ ಬೀಜಕ ಆರಾಮವಾಗಿ ದಾಟುತ್ತದೆ. ಯುವಿ ದೀಪ ತಿಳಿನೀರಿನಲ್ಲಿ ಕೆಲಸ ಮಾಡೀತು. ಗುಡುಗು ಮಳೆಗೆ ಹಳ್ಳ ಕೆಂಪಾದ ದಿನ ಬೆಳಕು ನೀರಿನೊಳಗೆ ಇಳಿಯುವುದಿಲ್ಲ, ಆ ಒಂದು ದಿನ ಸಾಕು. ಮರಿ ತೊಟ್ಟಿಯ ಸಣ್ಣ ಹರಿವಿಗೆ ಸರಿ, ಇಡೀ ಸಾಕಣೆಗೆ ಹಣ ಸುರಿಯಬೇಡಿ.

ನೆರಳಿಗೆ ಹಣ ಹಾಕಿ. ನಿಮ್ಮ ಎರಡು ಥರ್ಮಾಮೀಟರ್‌ಗಳು ಕಾಲುವೆಯಲ್ಲೂ ಹೊಂಡಗಳಲ್ಲೂ ಒಂದೆರಡು ಡಿಗ್ರಿ ಸೇರುತ್ತಿದೆ ಎಂದು ತೋರಿಸಿದರೆ, ಮೊದಲ ಬೇಸಿಗೆಗೆ ನೆರಳು ಬಲೆ, ಮುಂದಕ್ಕೆ ದಡದಲ್ಲಿ ಆಲ್ಡರ್ ಮರ. ಆಲ್ಡರ್ ಬೇರು ನೀರಿಗಿಳಿದರೆ ಬ್ರಯೋಜೋವಾಗೆ ಮನೆ ಕಟ್ಟಿಕೊಟ್ಟಂತೆ ಎಂಬುದೂ ನಿಜ. ಆದರೂ ನಾನು ನೆರಳಿನ ಪರ.

ಎಷ್ಟು ಎಚ್ಚರವಹಿಸಿದರೂ ರೋಗ ಎದ್ದಿತು ಎನ್ನಿ. ಆಗ ಕೊಲ್ಲುವುದು ಹೆಚ್ಚಾಗಿ ನಮ್ಮ ಕೈಯೇ. ಬಲೆ ಹಾಕಬೇಡಿ, ಗಾತ್ರ ವಿಂಗಡಿಸಬೇಡಿ, ಹೊಂಡ ಬದಲಾಯಿಸಬೇಡಿ. ಒಂದು ಬೆಳಗಿನ ವಿಂಗಡಣೆಗೆ ಸಂಜೆಯೊಳಗೆ ನೂರಾರು ಹೋಗಬಹುದು, ಓಡಾಡಿಸಿದ ಮೀನಿಗೆ ಬೇಕಾದ ಆಮ್ಲಜನಕವನ್ನು ಆ ತೆಳುರಕ್ತ ಒದಗಿಸಲಾರದು. ಮೇವು ಅರ್ಧಕ್ಕಿಳಿಸಿ, ಅದನ್ನೂ ಬೆಳಗಿನ ತಂಪಿನಲ್ಲೇ ಹಾಕಿ. 18 ದಾಟುವ ದಿನ ಪೂರ್ತಿ ನಿಲ್ಲಿಸಿ, ಉಂಡ ಮೀನಿಗೆ ಜೀರ್ಣಿಸಲೂ ಆಮ್ಲಜನಕ ಬೇಕು. ಗಾಳಿಯಂತ್ರವನ್ನು ಹಗಲಿರುಳು ಓಡಿಸಿ. ಹೊರಹರಿವಿನಲ್ಲಿ ಆಮ್ಲಜನಕ ಲೀಟರಿಗೆ 7 ಮಿಲಿಗ್ರಾಂಗಿಂತ ಕೆಳಗೆ ಹೋಗದಿರಲಿ, ಗಟ್ಟಿ ಮೀನಿಗೆ ಸಾಕಾಗುವ 5 ಇವಕ್ಕೆ ಸಾಲದು. ಸತ್ತದ್ದನ್ನು ದಿನಕ್ಕೆರಡು ಸಲ ಎತ್ತಿ, ಸಂಖ್ಯೆಯನ್ನು ಉಷ್ಣತೆಯ ಪಕ್ಕದಲ್ಲೇ ಬರೆದಿಡಿ.

ಉಳಿದಿರುವ 2,500 ಮೀನನ್ನು ಕೊಲ್ಲುವ ಅಗತ್ಯವಿಲ್ಲ. ನೀರು ತಣ್ಣಗಾದಂತೆ ಮೂತ್ರಪಿಂಡದ ಊತ ಇಳಿದು, ಹೊಸ ಅಂಗಾಂಶ ಬೆಳೆದು, ರಕ್ತ ಚೇತರಿಸುತ್ತದೆ. ಅಕ್ಟೋಬರ್ ಮುಗಿಯುವವರೆಗೆ ವಿಂಗಡಣೆ ಬೇಡ, ಮೇವನ್ನು ನಿಧಾನವಾಗಿ ಏರಿಸಿ. ಬದುಕಿದವಕ್ಕೆ ಮುಂದಿನ ಬೇಸಿಗೆ ಈ ರೋಗದ ಭಯ ತೀರಾ ಕಡಿಮೆ. ಬೇರೆ ಸಾಕಣೆಗೆ ಜೀವಂತ ಮಾರಬೇಡಿ.

ಇನ್ನು ತಿನ್ನುವ ವಿಚಾರ. ಈ ಪರಾವಲಂಬಿಗೆ ಬ್ರಯೋಜೋವಾ ಬೇಕು, ಮೀನು ಬೇಕು. ಬಿಸಿರಕ್ತದ ದೇಹದಲ್ಲಿ ಅದು ಬಾಳುವುದಿಲ್ಲ. ಹೆಸರಿನಲ್ಲಿ ಕಿಡ್ನಿ ಇದೆ ಎಂದು ತಿಂದವರ ಕಿಡ್ನಿಗೆ ಬರುವುದಿಲ್ಲ. ಚೇತರಿಸಿಕೊಂಡು ಚುರುಕಾಗಿ ಈಜುತ್ತಾ ಮೇವು ತಿನ್ನುತ್ತಿರುವ ಮೀನನ್ನು ತಿನ್ನಬಹುದು, ಮಾರಬಹುದು. ಕಪ್ಪಾಗಿ ಹೊಟ್ಟೆ ಉಬ್ಬಿದ್ದನ್ನು, ತಾನಾಗಿ ಸತ್ತದ್ದನ್ನು ಮಾರಕೂಡದು. ಅಂಥದರಲ್ಲಿ ಬೇರೆ ಬ್ಯಾಕ್ಟೀರಿಯಾ ಸೇರಿಕೊಂಡಿರಬಹುದು. ಮುಂದಿನ ವರ್ಷ ಹಳೆಯ ಮೀನು ಶುಚಿ ಮಾಡುವಾಗ ಬೆನ್ನುಮೂಳೆಯ ಕೆಳಗಿನ ಪಟ್ಟಿಯನ್ನು ಒಮ್ಮೆ ದಿಟ್ಟಿಸಿ ನೋಡಿ. ಕಡುಗೆಂಪಾಗಿ, ಚಪ್ಪಟೆಯಾಗಿದ್ದರೆ ಸರಿ. ಜೂನ್ ಕೊನೆಯಲ್ಲೇ ಬೂದುಬಣ್ಣದ ಉಬ್ಬು ಕಂಡರೆ, ಮೀನು ಸಾಯಲು ಶುರುವಾಗುವ ಮೊದಲೇ ಮೇವು ಇಳಿಸಿ ಗಾಳಿಯಂತ್ರ ಹೊರತೆಗೆಯಲು ನಿಮಗೆ ಇನ್ನೂ ಕೆಲವು ದಿನ ಸಮಯವಿರುತ್ತದೆ.